ಹಾಲಿನ ಆಣೆ

ಅಕ್ಟೋಬರ್ ಎರಡನೇ ವಾರಕ್ಕೆ ಅಗ್ಬಾಲು ಕಣಿವೆಯಲ್ಲಿ ಸೇಬಿನ ಕೊಯ್ಲು ಮುಗಿಯುತ್ತ ಬಂದಿತ್ತು. ಪೆಟ್ಟಿಗೆ ಹೇರಿದ ಲಾರಿಗಳು ಬೆಳಗಿನಿಂದ ಧೂಳೆಬ್ಬಿಸುತ್ತ ಇಳಿಯುತ್ತಿದ್ದವು. ಮೇಲಿನ ದೇವದಾರು ಕಾಡಿನಿಂದ ಬರುವ ಗಾಳಿಗೆ ಆಗಲೇ ಹಿಮದ ವಾಸನೆ ಹತ್ತಿತ್ತು. ಹೆಣ್ಣುಮಕ್ಕಳ ವಸತಿಮನೆಯ ಅಂಗಳದಲ್ಲಿ ಅವತ್ತು ಹಾಸಿಗೆ ಬಿಚ್ಚುವ ಕೆಲಸ. ವರ್ಷಕ್ಕೊಮ್ಮೆ, ಚಳಿ ಬಲಿಯುವ ಮುಂಚೆ, ನಲವತ್ತು ಹಾಸಿಗೆಗಳ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಉಣ್ಣೆ ತೊಳೆದು, ಒಣಗಿಸಿ, ಕೋಲಿನಿಂದ ಬಡಿದು ಮತ್ತೆ ತುಂಬಬೇಕು. ಮಂಗಳವಾರ ಸಂತೆಯಾದ್ದರಿಂದ ಮಧ್ಯಾಹ್ನದ ಮೇಲೆ ಶಾಲೆಯಿರಲಿಲ್ಲ. ಬೆಟ್ಟದ ಹಳ್ಳಿಗಳಿಂದ ಓದಲು ಬಂದು ಇಲ್ಲಿ ಉಳಿದುಕೊಂಡ ಹುಡುಗಿಯರೆಲ್ಲ ತಲೆಗೆ ಬಟ್ಟೆ ಕಟ್ಟಿ ಬಡಿಯಲು ಕೂತಿದ್ದರು.

"ಇದೇನು ಉಣ್ಣೇನಾ ಕಲ್ಲಾ?" ಅಡುಗೆಯ ಫಾದ್ಮಾ ಒಂದು ಗಂಟನ್ನು ಎತ್ತಿ ಹಿಡಿದಳು. "ಇದರ ಮೇಲೆ ಮಲಗ್ತಿದ್ದೋಳು ಯಾರೇ? ಹುಡುಗೀನೋ ಹೇಸರಗತ್ತೇನೋ?"

"ನಿಮ್ಮ ರೊಟ್ಟಿ ತಿಂದು ಬಂದ ತೂಕ ಚಿಕ್ಕವ್ವಾ!" ಎಂದಳು ಒಬ್ಬಳು. ಎಲ್ಲರೂ ಕಿಸಕ್ಕೆಂದರು.

ಯಾಮ್ನಾ ಕೂಡ ನಕ್ಕಳು. ಮೂವತ್ತೆಂಟರ ಹೆಂಗಸು, ಈ ಮನೆಯಲ್ಲಿ ಆಕೆಯ ಕೆಲಸ ಹುಡುಗಿಯರ ಮಾತು ಕೇಳುವುದು. ಮನೆಯ ಚಿಂತೆ, ಮೈಯ ಚಿಂತೆ, ಶಾಲೆಯಲ್ಲಿ ಯಾರೋ ಅಂದದ್ದು, ಯಾರೋ ಮುಟ್ಟಿದ್ದು. ಅದಕ್ಕೆಂದೇ ಪಡಸಾಲೆಯ ಕೊನೆಗೊಂದು ಕೋಣೆ, ಎರಡು ಕುರ್ಚಿ, ಒಂದು ತಗಡಿನ ಬೀರು. ಬೀರುವಿನ ಬೀಗದಕೈ ಆಕೆಯ ಕೊರಳ ದಾರದಲ್ಲಿ. "ಊರಲ್ಲಿ ನಾವೆಲ್ಲ ಪುಕ್ಕಟೆ ಚಾಡಿ ಕೇಳಿದ್ರೆ, ಇವಳು ಸಂಬಳ ತಗೊಂಡು ಕೇಳ್ತಾಳೆ" ಎಂದು ಫಾದ್ಮಾ ಬಂದವರಿಗೆಲ್ಲ ಹೇಳುತ್ತಿದ್ದಳು. ಆದರೆ ಫಾದ್ಮಾ ಎಷ್ಟೇ ಕೆದಕಿದರೂ ಹನ್ನೊಂದು ವರ್ಷದಲ್ಲಿ ಆ ಕೋಣೆಯ ಒಂದು ಮಾತು ಅಡುಗೆಮನೆಗೆ ಬಂದಿರಲಿಲ್ಲ.

ಗೇಟು ಕಿರುಗುಟ್ಟಿತು. ಕಂದು ಉಣ್ಣೆಯ ನಿಲುವಂಗಿಯ ಮುದುಕನೊಬ್ಬ ಸೇಬಿನ ಬುಟ್ಟಿ ಹಿಡಿದು ಒಳಗೆ ಬಂದ. ಬಡಿಯುತ್ತಿದ್ದವರಲ್ಲಿ ಹದಿಮೂರರ ಹ್ನಿಯಾ ಕೋಲು ಬಿಟ್ಟು ಎದ್ದು ಹೋಗಿ ಅವನ ಕೈಗೆ ಮುತ್ತಿಟ್ಟಳು. ಅವನು ಅವಳ ತಲೆ ಸವರಿದ, ಕೂದಲಿಗೆ ಅಂಟಿದ್ದ ಉಣ್ಣೆಯ ಎಳೆಯನ್ನು ಬಿಡಿಸಿದ.

ಹ್ನಿಯಾಳ ಅಪ್ಪ, ಕುರುಬ ಮಿಮೂನ್. ಹ್ನಿಯಾಳಿಗಿಂತ ಹೆಚ್ಚಾಗಿ, ಈಗ ಇಲ್ಲಿಲ್ಲದ ಅವಳಕ್ಕ ತೂದಾಳ ಅಪ್ಪ. ಅವನನ್ನು ಕಂಡದ್ದೇ ಯಾಮ್ನಾ ಕೈಯಲ್ಲಿದ್ದ ಉಣ್ಣೆ ಕೆಳಗಿಟ್ಟಳು.

"ಬನ್ನಿ ಸಿದಿ" ಎಂದು ಎದ್ದು ನಿಂತಳು.

"ಹೇಗಿದೀರಿ ಲಲ್ಲಾ?" ಎಂದ ಅವನು.

ಅರವತ್ತು ದಾಟಿದವನು ಮಗಳ ವಯಸ್ಸಿನವಳನ್ನು ಹಾಗೆ ದೊಡ್ಡ ಮರ್ಯಾದೆ ಕೊಟ್ಟು ಕರೆಯುವುದು ಒಂದೇ ಕಾರಣಕ್ಕೆ. ಇಬ್ಬರ ಮನೆಗಳು ತಾದಾ. ಮುತ್ತಜ್ಜಂದಿರ ಕಾಲದಲ್ಲಿ ಒಂದು ಚಿಲುಮೆಯ ನೀರಿಗಾಗಿ ಯಾಮ್ನಾಳ ಐತ್ ಮಗ್ರಾ ಬುಡಕಟ್ಟು, ಮಿಮೂನನ ಐತ್ ತಾಮ್ದಾ ಬುಡಕಟ್ಟು ಹೆಣ ಬೀಳುವವರೆಗೆ ಹೊಡೆದಾಡಿದ್ದವು. ಕೊನೆಗೆ ಹಿರಿಯರು ಸೇರಿ ತಾದಾ ಕಟ್ಟಿಸಿದರು. ಆ ಕಡೆಯ ತಾಯಂದಿರು ಈ ಕಡೆಯ ಕೂಸುಗಳಿಗೆ, ಈ ಕಡೆಯವರು ಆ ಕಡೆಯವಕ್ಕೆ ಮೊಲೆಯೂಡಿಸಿದರು. ಗಂಡಸರ ಬಲಗಾಲಿನ ಚಪ್ಪಲಿಗಳನ್ನು ಎರಡು ರಾಶಿ ಮಾಡಿ, ಕಂಬಳಿ ಮುಚ್ಚಿ, ಒಂದೊಂದು ರಾಶಿಯಿಂದ ಒಂದೊಂದನ್ನು ಕೈಹಾಕಿ ತೆಗೆದರು. ಯಾರದು ಯಾರದರೊಡನೆ ಬಂತೋ ಆ ಎರಡು ಮನೆಗಳು ಅಲ್ಲಿಂದಾಚೆ ಒಂದಕ್ಕೊಂದು ತಾದಾ. ಅವರೊಳಗೆ ಮದುವೆ ಸಲ್ಲದು. ಒಬ್ಬರೆದುರು ಒಬ್ಬರು ಸುಳ್ಳಾಡುವಂತಿಲ್ಲ. ಹಾಲಿನ ಹೆಸರು ಹಿಡಿದು ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಇಲ್ಲವೆಂದ ಒಬ್ಬನ ಮಂದೆ ಒಂದೇ ವಾರದಲ್ಲಿ ಸತ್ತು ಬಿತ್ತು, ಇನ್ನೊಬ್ಬನ ಬಾಯಿ ಕಿವಿಯವರೆಗೆ ಸೊಟ್ಟಗಾಯಿತು. ಇದನ್ನು ಇಲ್ಲಿಯವರು ಹೆಸರು, ಊರು ಹಿಡಿದು ಹೇಳುತ್ತಾರೆ. ಯಾಮ್ನಾ ಪಟ್ಟಣದಲ್ಲಿ ಓದಿದವಳು, ನಂಬುತ್ತಿರಲಿಲ್ಲ. ಆದರೂ ತಾದಾ ಮನೆಯವರ ಎದುರು ಅವಳೆಂದೂ ಕಾಲು ಚಾಚಿ ಕೂತವಳಲ್ಲ.

ಅವಳನ್ನು ಕಾಡುತ್ತಿದ್ದುದು ಬೇರೆ. ಆ ಹಾಲಿನ ಹೆಸರನ್ನು ಮೊದಲು ಬಾಯಿಗೆ ತಂದವಳು ಅವಳೇ.

ನಾಲ್ಕು ವರ್ಷದ ಹಿಂದೆ ಈ ಮನೆಯಲ್ಲಿ ಹಾಸಿಗೆಗಳು ಖಾಲಿ ಬಿದ್ದಿದ್ದವು. ಐತ್ ತಾಮ್ದಾ ಕಡೆಯಿಂದ ಒಬ್ಬ ಹುಡುಗಿಯೂ ಬಂದಿರಲಿಲ್ಲ. ಯಾಮ್ನಾ ಅರ್ಧ ದಿನ ಬೆಟ್ಟ ಹತ್ತಿ ಮಿಮೂನನ ಮನೆಗೆ ಹೋದಳು, ಕೊಟ್ಟ ಮಜ್ಜಿಗೆ ಕುಡಿದಳು, ಬಟ್ಟಲು ಕೆಳಗಿಡುತ್ತ ಹೇಳಿದಳು: "ಹಾಲಿನ ಹೆಸರಲ್ಲಿ ಕೇಳ್ತಿದೀನಿ ಸಿದಿ. ನಿಮ್ಮ ಹೆಣ್ಮಕ್ಕಳನ್ನ ಓದೋಕೆ ಕಳಿಸಿ." ಮಿಮೂನ್ ಬಹಳ ಹೊತ್ತು ಬಾಗಿಲಾಚೆ ಬೆಟ್ಟ ನೋಡಿದ. ಆಮೇಲೆ "ಕರ್ಕೊಂಡು ಹೋಗಿ" ಎಂದ. ಅವನು ಕಳಿಸಿದನೆಂದು ಉಳಿದವರೂ ಕಳಿಸಿದರು. ವರ್ಷದ ಕೊನೆಗೆ ವಸತಿಮನೆ ನಡೆಸುವ ಸಂಘದವರು ಯಾಮ್ನಾಳಿಗೆ ಸನ್ಮಾನ ಮಾಡಿ ಗೋಡೆ ಗಡಿಯಾರ ಕೊಟ್ಟರು. ಅದು ಮಾತು ಕೇಳುವ ಕೋಣೆಯಲ್ಲೇ ಟಿಕ್ ಟಿಕ್ ಎನ್ನುತ್ತಿತ್ತು.

ಕಳೆದ ಜೂನ್‌ನಲ್ಲಿ, ಅದೇ ಗಡಿಯಾರದ ಕೆಳಗೆ, ಹದಿನಾರರ ತೂದಾ ಕೂತು ಹೇಳಿದ್ದಳು: ಕೆಳಗಿನ ಬಯಲಿನ ಯಜಮಾನನ ಮಗನಿಗೆ ತನ್ನನ್ನು ಕೊಡುವುದಾಗಿ ಮಾತಾಗಿದೆ. ಚಳಿಗಾಲದಲ್ಲಿ ಮಂದೆ ಇಳಿಸಲು ಆ ಬಯಲು ಬೇಕು. ಅಪ್ಪ ಮಾತು ಕೊಟ್ಟಾಗಿದೆ. ತಾನು ಒಲ್ಲೆನೆಂದದ್ದಕ್ಕೆ ಅಣ್ಣ ಝೈದ್ ಕೊಡಲಿ ಮಸೆಯುತ್ತಲೇ ಹೇಳಿದ, 'ನೀನು ಓಡಿದರೆ ಹೇಸರಗತ್ತೆ ಮೇಲೆ ಅಡ್ಡ ಹಾಕ್ಕೊಂಡು ತರ್ತೀನಿ.' ಕೂತು ಬರುವವರನ್ನು ಯಾರೂ ಅಡ್ಡ ಹಾಕಿ ತರುವುದಿಲ್ಲ, ಹಾಗೆ ತರುವುದು ಹೆಣವನ್ನು.

ಯಾಮ್ನಾ ಪ್ರತಿ ಹುಡುಗಿಗೂ ಮೊದಲ ದಿನವೇ ಹೇಳುತ್ತಿದ್ದಳು: ಇಲ್ಲಿ ಹೇಳಿದ್ದು ಈ ಬಾಗಿಲು ದಾಟುವುದಿಲ್ಲ, ಜೀವಕ್ಕೆ ಅಪಾಯವೆಂದು ಕಂಡರೆ ಮಾತ್ರ ದಾಟಿಸುತ್ತೇನೆ, ಅದೂ ನಿನಗೆ ತಿಳಿಸಿ, ಯಾರಿಗೆ ಎಷ್ಟು ಬೇಕೋ ಅಷ್ಟೇ. ಅಂತೆಯೇ ತೂದಾಳಿಗೆ ತಿಳಿಸಿ ನ್ಯಾಯಾಲಯದ ಮಕ್ಕಳ ಅಧಿಕಾರಿಗೆ ಬರೆದಳು. ಅವರು ಒಂದು ಆಶ್ರಯದ ಮನೆ ಗೊತ್ತುಮಾಡಿದರು. ಯಾಮ್ನಾಳೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಬಾಗಿಲಲ್ಲಿ ತೂದಾ ಅವಳ ತೋಳು ಹಿಡಿದು, "ಅಪ್ಪಂಗೆ ಹೇಳ್ಬೇಡಿ. ಹಾಲಿನ ಆಣೆ" ಎಂದಿದ್ದಳು. ಅವಳೂ ಆ ಮನೆಯವಳೇ. ಅವಳ ಆಣೆಯೂ ಅಷ್ಟೇ ತೂಕದ್ದು.

ಶಾಲೆಯ ದಾಖಲೆ ಕಳಿಸಬೇಕಾಗಿದ್ದರಿಂದ ಆ ಮನೆಯ ವಿಳಾಸದ ಕಾಗದ ಯಾಮ್ನಾಳ ಬೀರುವಿನಲ್ಲಿತ್ತು.

ಈಗ ಮಿಮೂನ್ ಅದೇ ಬೀರುವಿಗೆ ಬೆನ್ನು ಮಾಡಿ ಕುರ್ಚಿಯ ತುದಿಯಲ್ಲಿ ಕೂತ. ಸೇಬಿನ ಬುಟ್ಟಿ ಕಾಲ ಬಳಿ ಇಟ್ಟ. ಚಹಾ ಬಂತು, ಮೂರು ಗುಟುಕು ಕುಡಿದ.

"ಲಲ್ಲಾ, ದೊಡ್ಡ ಮಾತು ಕೇಳೋಕೆ ಬಂದಿಲ್ಲ. ಎಲ್ಲಿದಾಳೆ ಅಂತ ಕೇಳಲ್ಲ. ನಿಮ್ಮ ಕೆಲಸದ ಕಟ್ಟು ನಿಮಗಿದೆ, ನಾನು ಹಳ್ಳೀವನಾದ್ರೂ ಅಷ್ಟು ತಿಳೀತದೆ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಸಿದಿ."

"ಒಂದೇ ಒಂದು ಮಾತು. ಬದುಕಿದಾಳಾ?"

ಇದ್ದಾಳೆ ಎನ್ನುವುದೂ ಒಂದು ಸುದ್ದಿಯೇ, ಅದನ್ನೂ ಕೊಡಬಾರದು ಎಂದು ತರಬೇತಿಯಲ್ಲಿ ಕಲಿಸಿದ್ದರು. ಕಲಿಸಿದವರು ರಾಜಧಾನಿ ರಬಾತಿನಿಂದ ಬಂದವರು. ಅವರೆದುರು ಹೀಗೆ ಯಾವ ಮುದುಕನೂ ಒಡೆದ ಹಿಮ್ಮಡಿ ಜೋಡಿಸಿಕೊಂಡು ಕೂತಿರಲಿಲ್ಲ.

"ಬದುಕಿದಾಳೆ ಸಿದಿ. ಚೆನ್ನಾಗಿದಾಳೆ."

ಅವನು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡು ದೇವರನ್ನು ನೆನೆದ. ಎದ್ದು ಬಾಗಿಲವರೆಗೆ ಹೋದವನು ನೆನಪಾದಂತೆ ತಿರುಗಿದ.

"ಅವರಮ್ಮ ಮಗ್ಗಕ್ಕೆ ಕೂತಿದಾಳೆ. ಹುಡುಗಿಗೆ ಹೊದೆಯೋಕೆ ಕಂಬಳಿ ನೇಯ್ತಾಳಂತೆ. ಎಲ್ಲಿಗೆ ಕಳಿಸ್ತೀಯೇ ಅಂದ್ರೆ ಅಳ್ತಾಳೆ. ದಪ್ಪ ನೇಯ್ಲಾ ತೆಳ್ಳಗೆ ನೇಯ್ಲಾ ಅಂತ ನನ್ನ ಪ್ರಾಣ ತಿಂತಿದಾಳೆ. ಏನು ಹೇಳ್ಲಿ?"

ಯಾಮ್ನಾಳಿಗೆ ಆ ತಾಯಿಯ ಕೈ ಕಣ್ಣಿಗೆ ಕಟ್ಟಿತು.

"ತೆಳ್ಳಗೆ ಸಾಕು ಸಿದಿ. ಇಲ್ಲಿಯಷ್ಟು ಚಳಿ ಇಲ್ಲ."

"ಹಾಂ. ತೆಳ್ಳಗೆ" ಎಂದ ಅವನು, ಸಂತೆಗೆ ಬರುವಾಗ ಹೆಂಡತಿ ಹೇಳಿದ ಸಾಮಾನು ನೆನಪಿಟ್ಟುಕೊಳ್ಳುವವನ ಹಾಗೆ.

ಗೇಟಿನಾಚೆ ಒಂದು ಹಳೆಯ ಪಿಕಪ್ ಗಾಡಿ ಕಾಯುತ್ತಿತ್ತು. ಒಳಗೆ ಸ್ಟೀರಿಂಗ್ ಹಿಂದೆ ಝೈದ್ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳುತ್ತ ಕೂತಿದ್ದ. ಇಳಿದು ಬರಲಿಲ್ಲ. ತಂಗಿ ಹ್ನಿಯಾಳನ್ನು ಕೂಗಿ ಕರೆಯಲೂ ಇಲ್ಲ.

ಮುಂದಿನ ಮಂಗಳವಾರ ಮಿಮೂನ್ ಮತ್ತೆ ಬಂದ. ಈ ಸಲ ಬುಟ್ಟಿಯಲ್ಲಿ ಬೆಣ್ಣೆಯ ಮಡಕೆಯೂ ಇತ್ತು. ಹಿಂದಿನ ವಾರ ಒಂದು ದೊಡ್ಡ ಭಾರ ದಾಟಿಸಿದಂತೆ ಯಾಮ್ನಾ ಹಗುರಾಗಿದ್ದಳು. ಕೊಡಬಾರದ್ದನ್ನು ಕೊಟ್ಟಿಲ್ಲ, ತಾದಾಕ್ಕೆ ಸುಳ್ಳೂ ಹೇಳಿಲ್ಲ. ಇಬ್ಬರ ಆಣೆಯೂ ಉಳಿಯಿತಲ್ಲ ಎಂದುಕೊಂಡಿದ್ದಳು.

ಅವನು ತನ್ನ ಮಂದೆಯ ಮಾತಾಡಿದ. ಈ ವರ್ಷದ ಹುಲ್ಲಿನ ಮಾತಾಡಿದ. ತೂದಾ ಚಿಕ್ಕವಳಿದ್ದಾಗ ಬಾರ್ಲಿ ರೊಟ್ಟಿಯ ಅಂಚನ್ನಷ್ಟೇ ಮುರಿದು ತಿಂದು ನಡುವನ್ನು ನಾಯಿಗೆ ಹಾಕುತ್ತಿದ್ದಳೆಂದು ಹೇಳಿ ನಕ್ಕ.

"ಈಗ ಅಲ್ಲಿ ಯಾರಪ್ಪಾ ಅವಳಿಗೆ ರೊಟ್ಟಿ ಸುಡೋರು?"

"ಅವಳೇ ಹಿಟ್ಟು ನಾದ್ತಾಳೆ ಸಿದಿ. ನಾದಿ, ಹಲಗೆ ಮೇಲಿಟ್ಟು ಬೀದಿ ಒಲೆಗೆ ಕಳಿಸ್ತಾರಂತೆ. ಅಂಚೆಲ್ಲ ಒಂದೇ ಥರ ಕೆಂಪಗೆ ಬರ್ತದಂತೆ."

"ಒಳ್ಳೇದು, ಒಳ್ಳೇದು. ಅವಳಮ್ಮ ಕೇಳಿದ್ರೆ ಖುಷಿ ಪಡ್ತಾಳೆ." ನಾಚಿಕೊಂಡವನಂತೆ, "ಬಸ್ಸಲ್ಲಿ ಕರ್ಕೊಂಡು ಹೋದ್ರಲ್ಲಾ... ನಿಮ್ಮ ಬಟ್ಟೆ ಹಾಳು ಮಾಡಿದ್ಲಾ? ಹುಟ್ಟಿದಾಗಿಂದ ಹಾಗೇ. ಗಾಡಿ ತಿರುಗಿದ್ರೆ ಸಾಕು, ಹೊಟ್ಟೇಲಿರೋದೆಲ್ಲ ಹೊರಗೆ."

ಯಾಮ್ನಾ ನಕ್ಕುಬಿಟ್ಟಳು. "ಎರಡು ಸಲ! ನನ್ನ ಶಾಲು ಒಗೆದು ಒಗೆದು ಸಾಕಾಯ್ತು."

"ಎರಡು ಸಲ" ಎಂದ ಮಿಮೂನ್. ಅವನೂ ನಗುತ್ತಿದ್ದ. "ಪಾಪ. ಎರಡು ಸಲ."

ಗುರುವಾರದಿಂದ ಉಣ್ಣೆ ತುಂಬುವ ಕೆಲಸ. ಭಾನುವಾರ ಮಧ್ಯಾಹ್ನ ಯಾಮ್ನಾ, ಫಾದ್ಮಾ ಎದುರು ಬದುರು ಕೂತು ದಬ್ಬಳದಲ್ಲಿ ಹಾಸಿಗೆಯ ಬಾಯಿ ಹೊಲಿಯುತ್ತಿದ್ದರು. ಫಾದ್ಮಾ ಬೆಳಿಗ್ಗೆ ಹಿಟ್ಟಿನ ಮೂಟೆ ಇಳಿಸಿಕೊಳ್ಳಲು ಬಸ್ ನಿಲ್ದಾಣಕ್ಕೆ ಹೋಗಿ ಬಂದಿದ್ದಳು.

"ನಿನ್ನ ತಾದಾ ಮನೆ ಹುಡುಗನ್ನ ನೋಡ್ದೆ ಮಗಳೆ. ಆ ಝೈದ್. ಎಣ್ಣೆ ಹಚ್ಚಿ ತಲೆ ಬಾಚಿದ್ದ, ಮದುವೆ ಗಂಡಿನ ಥರ."

"ಊರಿಗೆ ಹೊರಟಿದ್ನೇನೋ."

"ಊರಿಗಲ್ಲ. ಟಿಕೇಟಿನವನ್ನ ಕೇಳ್ತಿದ್ದ, ಬುಧವಾರ ಮೆಕ್ನೆಸ್ ಬಸ್ಸು ಎಷ್ಟು ಹೊತ್ತಿಗೆ, ಹಳೇ ಊರಿನ ಬಾಗಿಲ ಹತ್ರ ನಿಲ್ಲಿಸ್ತೀಯಾ ಅಂತ."

ಯಾಮ್ನಾಳ ದಬ್ಬಳ ನಿಂತಿತು. "ಮೆಕ್ನೆಸ್ ಅಂತಾನೇ ಕೇಳಿದ್ನಾ? ಫೆಸ್ ಅಂತಲ್ವಾ?"

"ನನಗೇನು ಕಿವಿ ಹೋಗಿದಾವಾ? ಮೆಕ್ನೆಸ್. ಯಾಕೆ, ಏನಾಯ್ತು? ಮುಖ ಯಾಕೆ ಸುಣ್ಣದ ಗೋಡೆ ಥರ ಆಯ್ತು?"

"ಏನಿಲ್ಲ ಚಿಕ್ಕವ್ವ."

ಫಾದ್ಮಾ ಹಲ್ಲಿನಿಂದ ದಾರ ಕಡಿದಳು. "ಅವರಪ್ಪ ಮಾತ್ರ ದೇವರಂಥ ಮನುಷ್ಯ. ನನ್ನ ಗಂಡನ ಕುರಿ ಕಳೆದಾಗ ಹುಡುಕಿಕೊಟ್ಟಿದ್ದು ಅವನೇ ಅಲ್ವಾ? ಯಾರನ್ನೂ ಕುರಿ ಎಲ್ಲಿ ಅಂತ ಕೇಳಲ್ಲ ಅವನು. ಗೊಬ್ಬರ ಮುಟ್ಟಿ ನೋಡ್ತಾನೆ, ಒಣಗಿದೆಯೋ ಹಸಿಯೋ. ಮುಳ್ಳಿಗೆ ಸಿಕ್ಕಿದ ಉಣ್ಣೆ ಎಷ್ಟು ಎತ್ತರದಲ್ಲಿದೆ ನೋಡ್ತಾನೆ. ಹುಲ್ಲು ಯಾವ ಕಡೆ ಕಡಿದಿದೆ ನೋಡ್ತಾನೆ. ಮೂರು ದಿನ ಬೆಟ್ಟದ ಮೇಲೆ ಮಾತೇ ಇಲ್ಲ. ನಾಲ್ಕನೇ ದಿನ ನೆಟ್ಟಗೆ ಹೋಗಿ ಗುಹೆಯೊಳಗಿಂದ ಕಿವಿ ಹಿಡಿದು ಎಳ್ಕೊಂಡು ಬಂದ. ಅದು ಒಂದು ಸಲ ಬ್ಯಾ ಅನ್ನಲಿಲ್ಲ."

ಯಾಮ್ನಾ ಹೊಲಿಗೆ ಅಲ್ಲೇ ಬಿಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ತೆಳ್ಳನೆಯ ಕಂಬಳಿ ಸಾಕು ಎಂದರೆ ಬೆಟ್ಟವಲ್ಲ, ಕೆಳಗಿನ ಬಯಲು. ಬೀದಿಯವರೆಲ್ಲ ಸುಡಿಸುವ ಒಂದೇ ಒಲೆಗೆ ರೊಟ್ಟಿ ಹೋಗುವುದು ಎಂದರೆ ಹೊಸ ಬಡಾವಣೆಯಲ್ಲ, ಗೋಡೆಯೊಳಗಿನ ಹಳೆಯ ಊರು. ಹಳೆಯ ಊರುಗಳು ಹತ್ತಿರದಲ್ಲಿರುವುದು ಎರಡು. ಫೆಸ್‌ಗೆ ಹೋಗುವಾಗ ಇಳಿಜಾರಿನ ಸುತ್ತು ತಿರುವುಗಳು ಒಂದೇ ಜಾಗದಲ್ಲಿ. ಮೆಕ್ನೆಸ್‌ಗೆ ಹೋಗುವಾಗ ಎರಡು ಜಾಗದಲ್ಲಿ. ಅಂಥ ಜಾಗಕ್ಕೊಮ್ಮೆ ವಾಂತಿ ಮಾಡುವ ಹುಡುಗಿ ಎರಡು ಸಲ ವಾಂತಿ ಮಾಡಿದಳು. ಹೇಳಿದವಳು ತಾನೇ, ಅದೂ ನಗುತ್ತ. ಹಳೆಯ ಮೆಕ್ನೆಸ್‌ನಲ್ಲಿ ಬೆಟ್ಟದ ಮಾತಿನ ಹುಡುಗಿ ಯಾವ ಬೀದಿಯ ಒಲೆಗೆ ಹಲಗೆ ಹೊತ್ತು ಬರುತ್ತಾಳೆ ಎಂದು ಒಲೆಯವರನ್ನು ಕೇಳುತ್ತ ಹೋದರೆ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ.

ತೂದಾ ಬಾಗಿಲಲ್ಲಿ ತನ್ನ ತೋಳು ಹಿಡಿದದ್ದು ನೆನಪಾಯಿತು. ಬುಧವಾರಕ್ಕೆ ಇನ್ನು ಮೂರು ದಿನ. ಅದಕ್ಕೂ ಮೊದಲು ಮಂಗಳವಾರವಿತ್ತು. ಮಂಗಳವಾರ ಅವನು ಬರುತ್ತಾನೆ. ಇನ್ನೂ ಒಂದು ಸಣ್ಣ ಮಾತು ಕೇಳುತ್ತಾನೆ, ಇಲ್ಲವೇ ಈ ಸಲ ದೊಡ್ಡದನ್ನೇ ಕೇಳುತ್ತಾನೆ, ಹಾಲಿನ ಹೆಸರು ಹಿಡಿದು. ಆಗ ಸುಮ್ಮನಿರುವುದೂ ಇಲ್ಲವೆಂದ ಹಾಗೆಯೇ.

ಅವಳು ಫೋನ್ ತೆಗೆದಳು. ಆಶ್ರಯದ ಮನೆ ನೋಡಿಕೊಳ್ಳುವ ನುಫಿಸ್ಸಾ ಎತ್ತಿದಳು.

"ತೂದಾನ ಅಲ್ಲಿಂದ ಬದಲಾಯಿಸಬೇಕು. ನಾಳೇನೇ" ಎಂದಳು ಯಾಮ್ನಾ.

"ಯಾಕೆ? ಯಾರಾದ್ರೂ ಬಾಯಿ ಬಿಟ್ರಾ?"

"ನಾನೇ ಬಿಟ್ಟೆ."

ನುಫಿಸ್ಸಾ ಉಸಿರೆಳೆದಳು. "ಸರಿ. ಅಧಿಕಾರಿಗಳಿಗೆ ಹೇಳ್ತೀನಿ. ನಮ್ಮ ಇನ್ನೊಂದು ಮನೆ ಇದೆ, ಅದು ಇರೋದು..."

"ಹೇಳ್ಬೇಡಿ!" ಯಾಮ್ನಾ ಕೂಗಿದಳು. "ಎಲ್ಲಿ ಅಂತ ನನಗೆ ಹೇಳ್ಬೇಡಿ. ಬಯಲೋ ಸಮುದ್ರವೋ, ಅದನ್ನೂ ಹೇಳ್ಬೇಡಿ."

"ಶಾಲೆ ಕಾಗದ ನಿಮ್ಮ ಕೈಯಿಂದಲೇ ಬರಬೇಕಲ್ಲ?"

"ನ್ಯಾಯಾಲಯದವರ ಕೈಯಿಂದ ತರಿಸ್ಕೊಳ್ಳಿ. ನನ್ನ ಹತ್ರ ಏನೂ ಇರಬಾರದು."

"ಅವಳು ಪಕ್ಕದಲ್ಲೇ ಇದಾಳೆ, ನಿಮ್ಮ ಹೆಸರು ಕೇಳಿ ಓಡಿ ಬಂದ್ಲು. ಒಂದು ಮಾತಾಡ್ತೀರಾ?"

ಫೋನಿನೊಳಗೆ ಯಾರೋ ಓಡಿ ಬಂದ ಏದುಸಿರು ಕೇಳಿಸಿತು. ಅವಳು ಮಾತಾಡಿದರೆ ತಾನು ಕೇಳುತ್ತೇನೆ, ಕೇಳಿದ್ದನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ ಎಂದುಕೊಂಡಳು ಯಾಮ್ನಾ.

"ಬೇಡ. ಇನ್ನು ಯಾವತ್ತೂ ನನಗೆ ಫೋನ್ ಮಾಡ್ಬಾರದು ಅಂತ ಹೇಳಿ. ಯಾಕೆ ಅಂತ ಅವಳಿಗೆ ಅರ್ಥ ಆಗ್ತದೆ" ಎಂದು ಕರೆ ಕಡಿದಳು. ಅರ್ಥವಾಯಿತೋ ಇಲ್ಲವೋ ತಿಳಿಯುವ ದಾರಿಯನ್ನು ತಾನೇ ಮುಚ್ಚಿದ್ದೇನೆ ಎಂಬುದು ಆಮೇಲೆ ಹೊಳೆಯಿತು.

ಸೋಮವಾರ ಅವಳು ತೂದಾಳ ಕಡತವನ್ನು ಲಕೋಟೆಗೆ ಹಾಕಿ ಅಂಟಿಸಿ, ತಾನೇ ಹೋಗಿ ನ್ಯಾಯಾಲಯದ ಗುಮಾಸ್ತನ ಕೈಗೆ ಕೊಟ್ಟು ಬಂದಳು. ಬೀರುವಿನಲ್ಲಿ ಒಂದು ಕಡತದಷ್ಟು ಜಾಗ ಖಾಲಿಯಾಗಿ ಪಕ್ಕದವು ಒರಗಿಕೊಂಡವು.

ಮಂಗಳವಾರ ಮೋಡ ಕೆಳಗಿಳಿದು ಬೆಟ್ಟದ ಅರ್ಧ ಮುಚ್ಚಿತ್ತು. ಮಿಮೂನ್ ಬುಟ್ಟಿ ತಂದಿರಲಿಲ್ಲ. ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟೊಂದಿತ್ತು. ಅವನ ಹಿಂದೆ ಈ ಸಲ ಝೈದ್ ಕೂಡ ಗೇಟಿನ ಒಳಗೆ ಬಂದು, ಕೋಣೆಯ ಹೊಸ್ತಿಲಾಚೆ, ಒಳಗಿನ ಮಾತು ಕೇಳುವಷ್ಟು ಹತ್ತಿರ, ಗೋಡೆಗೆ ಒರಗಿ ನಿಂತ. ಹುಡುಗಿಯರ ಕೋಲುಗಳ ಸದ್ದು ಒಂದೊಂದಾಗಿ ನಿಂತಿತು.

ಚಹಾ ಬಂತು. ಮಿಮೂನ್ ಮುಟ್ಟಲಿಲ್ಲ.

"ಲಲ್ಲಾ, ಎರಡು ವಾರ ನಾನು ನಿಮ್ಮನ್ನ ಸುತ್ತಿಬಳಸಿ ಕೇಳಿದೆ. ಕುರಿ ಹುಡುಕೋ ಬುದ್ಧಿ ನನ್ನದು, ತಾದಾ ಮನೇಲಿ ಹಾಗೆ ಮಾಡ್ಬಾರದಿತ್ತು. ಮನೆಗೆ ಹೋಗಿ ನಾಚಿಕೆಯಾಯ್ತು. ಇವತ್ತು ನೆಟ್ಟಗೆ ಕೇಳ್ತೀನಿ." ಅವನು ಅಂಗೈ ಮೇಲ್ಮಾಡಿ ಮಂಡಿಯ ಮೇಲಿಟ್ಟ. "ನಿಮ್ಮ ಮುತ್ತಜ್ಜಿ ನಮ್ಮಪ್ಪನಿಗೆ ಊಡಿಸಿದ ಹಾಲಿನ ಹೆಸರಲ್ಲಿ. ನನ್ನ ಮಗಳು ಎಲ್ಲಿದಾಳೆ?"

ಗಡಿಯಾರ ಟಿಕ್ ಟಿಕ್ ಎಂದಿತು.

"ಗೊತ್ತಿಲ್ಲ ಸಿದಿ."

ಅವನು ಅವಳ ಮುಖವನ್ನು ನೋಡಿದ. ಒಣಗಿದೆಯೋ ಹಸಿಯೋ ಎಂದು ನೋಡುವ ಹಾಗೆ, ಬಹಳ ಹೊತ್ತು.

"ಸುಳ್ಳಲ್ಲ" ಎಂದ ಕೊನೆಗೆ, ತನಗೇ ಹೇಳಿಕೊಂಡಂತೆ. "ಹೋದ ಮಂಗಳವಾರ?"

"ಹೋದ ಮಂಗಳವಾರ ಗೊತ್ತಿತ್ತು."

"ಮರೆತ್ರಾ?"

"ಗೊತ್ತಿರದ ಹಾಗೆ ಮಾಡ್ಕೊಂಡೆ."

ಮಿಮೂನ್ ತಲೆಯಾಡಿಸಿದ. ಸಿಟ್ಟು ಬರಲಿಲ್ಲ. ಬಂದಿದ್ದರೆ ಯಾಮ್ನಾಳಿಗೆ ಸುಲಭವಾಗುತ್ತಿತ್ತು.

"ನಾನು ಕೈ ಚಾಚೋ ಮುಂಚೇನೇ ನೀವು ಬಟ್ಟಲು ಖಾಲಿ ಮಾಡಿಟ್ರಿ. ಇಲ್ಲ ಅಂದಿಲ್ಲ, ಸುಳ್ಳೂ ಹೇಳಿಲ್ಲ. ಓದಿದೋರು." ಗಂಟನ್ನು ಕಂಕುಳಿಗೆ ಒತ್ತಿಕೊಂಡ. "ಹಾಗಾದ್ರೆ ಹ್ನಿಯಾನ ಕಳಿಸಿಕೊಡಿ. ಬಟ್ಟೆ ಕಟ್ಕೊಳ್ಳಿ ಅವಳು."

"ಶಾಲೆ ನಡೀತಿದೆ ಸಿದಿ. ಯಾಕೆ?"

"ಬಯಲಿನವನಿಗೆ ಮಾತು ಕೊಟ್ಟಿದೀನಿ. ನನಗೆ ಇರೋದು ಇಬ್ಬರು ಹೆಣ್ಮಕ್ಕಳು. ಮಂದೆ ಇಳಿಸೋ ದಿನ ಬಂತು." ಅವನು ಕಿಟಕಿಯಾಚೆ ಮೋಡ ನೋಡುತ್ತಿದ್ದ. "ಮದುವೆಗೆ ಎರಡು ವರ್ಷ ಕಾಯ್ತಾರಂತೆ. ಆದ್ರೆ ಅಲ್ಲೀವರೆಗೆ ಹ್ನಿಯಾ ಅವರ ಮನೇಲೇ ಇರ್ಬೇಕಂತೆ."

ಹದಿಮೂರು ಎಂದು ಯಾಮ್ನಾ ಹೇಳಹೊರಟಳು. ಕಾನೂನು ಎಂದು ಹೇಳಹೊರಟಳು. ಮತ್ತೆ ಅಧಿಕಾರಿಗೆ ಬರೆಯಬೇಕು, ಬರೆದೇ ಬರೆಯುತ್ತೇನೆ ಎಂದುಕೊಂಡಳು. ಆದರೆ ಕಾಗದ ಹೋಗಿ, ಅಲ್ಲಿ ಓದಿ, ಯಾರಾದರೂ ಬೆಟ್ಟ ಹತ್ತುವ ಹೊತ್ತಿಗೆ ಹಿಮ ಬಿದ್ದು ದಾರಿ ಮುಚ್ಚಿರುತ್ತದೆ. ಈ ಬಾಗಿಲಿನಿಂದ ಆ ಪಿಕಪ್ಪಿಗೆ ಇಪ್ಪತ್ತು ಹೆಜ್ಜೆ. ಹೊರಗೆ ಝೈದ್ "ಹ್ನಿಯಾ, ಏಳೇ!" ಎಂದು ಕೂಗಿದ್ದು ಕೇಳಿಸಿತು.

ಅವಳ ಕೈಯಲ್ಲಿದ್ದದ್ದು ಒಂದೇ. ಅದನ್ನು ಮುಟ್ಟುವ ಹಕ್ಕು ತನಗಿನ್ನು ಇಲ್ಲವೆಂದು ಗೊತ್ತಿದ್ದೂ ಅವಳು ಎದ್ದು ನಿಂತಳು.

"ಸಿದಿ. ಹಾಲಿನ ಹೆಸರಲ್ಲಿ ಕೇಳ್ತೀನಿ. ಹ್ನಿಯಾನ ಇಲ್ಲೇ ಬಿಡಿ. ಅವಳ ಓದು ಮುಗಿಯೋವರೆಗೆ ಯಾರಿಗೂ ಕೊಡ್ಬೇಡಿ."

ಮಿಮೂನನ ಮುಖದಲ್ಲಿ ಮೊದಲ ಸಲ ಏನೋ ಕದಲಿತು. ಬೆಟ್ಟದ ಮೇಲೆ ನಿಂತ ಮನುಷ್ಯನ ಕಾಲ ಕೆಳಗಿನ ಕಲ್ಲು ಸಣ್ಣಗೆ ಜಾರಿದಾಗ ಕಾಣುವಂಥದ್ದು. ಅವನು ಎದ್ದ. ಒಂದು ಕೈ ಗೋಡೆಗೆ ಕೊಟ್ಟು ನಿಂತ.

"ಕೇಳಿಬಿಟ್ರಲ್ಲಾ" ಎಂದ.

"ಕೇಳಿದೆ."

"ಇರ್ಲಿ. ಇಲ್ಲೇ ಇರ್ಲಿ ಅವಳು." ಉಸಿರು ಬಿಟ್ಟ. "ಬಯಲು ಹೋಯ್ತು. ಈ ಚಳಿಗೆ ಮಂದೆ ಎಲ್ಲಿಡ್ತೀನೋ ದೇವರಿಗೇ ಗೊತ್ತು. ನೀವು ಎರಡು ಸಲ ಕೇಳಿದ್ರಿ ಲಲ್ಲಾ. ಎರಡು ಸಲಾನೂ ಕೊಟ್ಟೆ. ನಾನು ಕೇಳಿದ್ದು ಒಂದು ಸಲ."



ಅವನು ಕಂಕುಳಿನ ಗಂಟನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದ. ಅಂಗಳದಲ್ಲಿ ಹ್ನಿಯಾ ಎದ್ದು ನಿಂತಿದ್ದಳು, ಅಣ್ಣನ ಕೈ ಅವಳ ತೋಳಿನ ಮೇಲಿತ್ತು. "ಬಿಡು" ಎಂದ ಮಿಮೂನ್.

"ಏನಪ್ಪಾ ಬಿಡೋದು? ಬಯಲಿನವನು ಕಾಯ್ತಿದಾನೆ!"

"ತಾದಾ ಮನೆಯವರು ಕೇಳಿದಾರೆ. ಬಿಡು."

ಝೈದ್ ಬಿಟ್ಟ. ಆದರೆ ಬಾಗಿಲಲ್ಲಿ ನಿಂತ ಯಾಮ್ನಾಳ ಕಡೆ ತಿರುಗಿ, ನೆಲಕ್ಕೆ ಬೀಜದ ಸಿಪ್ಪೆ ಉಗುಳಿದ. "ಅಪ್ಪಂಗೆ ಹಾಲು, ಚಪ್ಪಲಿ ಎಲ್ಲ ಇದಾವೆ. ನಾನು ಡಬ್ಬಿ ಪುಡಿ ಹಾಲು ಕುಡಿದು ಬೆಳೆದೋನು ಅಕ್ಕಾ. ನನಗೆ ಯಾವ ತಾದಾನೂ ಇಲ್ಲ" ಎಂದು ನಕ್ಕ. "ನಾಳೆ ಬಸ್ಸು ಏಳಕ್ಕೆ. ಒಲೆಯೋರು ಮಾತಾಡೋ ಜನ. ಹುಡುಗಿ ಹೋದ್ರೂ ಹೋದ ದಾರಿ ಹೇಳೋರು ಸಿಕ್ತಾರೆ."

"ಗಾಡಿ ಹತ್ತು" ಎಂದ ಮಿಮೂನ್, ತಿರುಗಿ ನೋಡದೆ.

ಪಿಕಪ್ ಹೊರಟಿತು. ಮೋಡದೊಳಗೆ ಅದರ ಹಿಂದಿನ ಕೆಂಪು ದೀಪ ಸ್ವಲ್ಪ ದೂರ ಕಂಡಿತು. ಹ್ನಿಯಾ ಹೋಗಿ ತನ್ನ ಜಾಗದಲ್ಲಿ ಕೂತು, ಆಗಲೇ ಬಡಿದು ಹಗುರಾಗಿದ್ದ ಉಣ್ಣೆಯನ್ನೇ ಮತ್ತೆ ಬಡಿಯತೊಡಗಿದಳು. ಫಾದ್ಮಾ ಅವಳನ್ನು ತಡೆಯಲಿಲ್ಲ. ಯಾಮ್ನಾಳ ಬಳಿ ಬಂದು ತಗ್ಗಿದ ದನಿಯಲ್ಲಿ, "ಅವನು ಕೇಳಿದ್ದನ್ನ ಕೊಟ್ಯಾ ಮಗಳೆ?" ಎಂದಳು.

"ಇಲ್ಲ ಚಿಕ್ಕವ್ವ."

ಫಾದ್ಮಾ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಮುಂದೆ ಏನನ್ನೂ ಕೆದಕಲಿಲ್ಲ.

ಯಾಮ್ನಾ ಕೋಣೆಗೆ ಹೋಗಿ ಮೊದಲು ಹ್ನಿಯಾಳ ವಿಷಯ ಅಧಿಕಾರಿಗೆ ಬರೆದಳು, ಝೈದ್ ಹೇಳಿದ್ದನ್ನೂ ಬಸ್ಸಿನ ಹೊತ್ತನ್ನೂ ಫೋನಿನಲ್ಲೇ ತಿಳಿಸಿದಳು. ಬರೆದು ಮುಗಿಸಿ ಕುರ್ಚಿಯ ಮೇಲಿದ್ದ ಗಂಟು ಬಿಚ್ಚಿದಳು. ಕಂಬಳಿ. ಬಿಳಿಯ ಉಣ್ಣೆಯಲ್ಲಿ ಕಪ್ಪು ಅಂಚು, ಅಂಚಿನ ತುಂಬ ಸಣ್ಣ ಹೊಳೆಯುವ ಬಿಲ್ಲೆಗಳು. ಬೆಟ್ಟದಲ್ಲಿ ಹೀಗೆ ಯಾರೂ ನೇಯುವುದಿಲ್ಲ, ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳ್ಳಗಿತ್ತು.

ಮಡಿಸಿ ಬೀರುವಿನಲ್ಲಿ ಕಡತ ತೆಗೆದ ಖಾಲಿ ಜಾಗಕ್ಕೆ ಇಟ್ಟಳು. ಅಷ್ಟು ಜಾಗ ಸಾಲಲಿಲ್ಲ. ಉಳಿದವರ ಕಡತಗಳನ್ನು ಒತ್ತಿ, ಒಳಗೆ ತುರುಕಿ, ಬೀಗ ಹಾಕಿದಳು. ಅದನ್ನು ಕಳಿಸಲು ಅವಳಿಗೆ ಊರು ಗೊತ್ತಿರಲಿಲ್ಲ. ಅಲ್ಲಿ ಚಳಿ ಎಷ್ಟಿದೆ ಎಂಬುದೂ ಗೊತ್ತಿರಲಿಲ್ಲ.